ಔಷಧದ ಅಂಗಡಿಯಲ್ಲಿ ಔಷಧ ಕೊಡುವವರು ಯಾರು?

ಛಂದಸ್ಸಿನ ಪಾಠದಲ್ಲಿ ನಾವು ಮಾತ್ರೆಗಳನ್ನು ಎಣಿಸುತ್ತೇವೆ. ಒಂದು ಮಾತ್ರೆ ಹೆಚ್ಚು ಕಡಿಮೆಯಾದರೆ ಪದ್ಯದ ಲಯ ಕೆಡುತ್ತದೆ, ನಾನು ಕೆಂಪು ಗೆರೆ ಎಳೆಯುತ್ತೇನೆ, ಅಲ್ಲಿಗೆ ಮುಗಿಯಿತು. ಔಷಧದ ಅಂಗಡಿಯಲ್ಲಿ ಕೊಡುವ ಮಾತ್ರೆಯ ವಿಚಾರ ಹಾಗಲ್ಲ. ಅಲ್ಲಿ ಲೆಕ್ಕ ತಪ್ಪಿದರೆ ಕೆಡುವುದು ದೇಹ. 'ಅತಿಯಾದರೆ ಅಮೃತವೂ ವಿಷ' ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಬರೆದುಕೊಡುವ ವೈದ್ಯರು ಹೇಗೆ ಎಂದು ನಾವು ಹತ್ತು ಜನರನ್ನು ವಿಚಾರಿಸುತ್ತೇವೆ. ಕೊಡುವವರು ಯಾರು ಎಂದು ಒಬ್ಬರನ್ನೂ ಕೇಳುವುದಿಲ್ಲ. ನಾನೂ ಒಂದು ಕಾಲದವರೆಗೆ ಕೇಳಿರಲಿಲ್ಲ.

ನನ್ನ ಹುಟ್ಟೂರು ಮಡಕಶಿರದ ಕಡೆ. ಕೆಲವು ವರ್ಷಗಳ ಹಿಂದೆ ರಕ್ತದ ಒತ್ತಡಕ್ಕಾಗಿ ನನ್ನ ತಾಯಿಯವರನ್ನು ತುಮಕೂರಿನಲ್ಲಿ ತೋರಿಸಿದ್ದೆವು. ತಿಂಗಳ ಮಾತ್ರೆ ಮುಗಿದಾಗ ಅದೇ ಚೀಟಿಯನ್ನು ಕೊಟ್ಟು ಹತ್ತಿರದ ಅಂಗಡಿಯಿಂದ ಮಾತ್ರೆ ತರಿಸಿದೆವು. ಎರಡು ದಿನಗಳ ಮೇಲೆ ತಾಯಿಗೆ ಮೈ ಬೆವರಿ, ಕೈಕಾಲು ನಡುಗಿ, ಕಣ್ಣಿಗೆ ಕತ್ತಲೆ ಕವಿಯಿತು. ನಾನು ಗಾಬರಿಯಾಗಿ ಬಸ್ ನಿಲ್ದಾಣದ ಬಳಿಯ ಇನ್ನೊಂದು ಅಂಗಡಿಗೆ ಓಡಿದೆ. ಅಲ್ಲಿದ್ದ ಫಾರ್ಮಸಿಸ್ಟರು ಚೀಟಿಯನ್ನೂ ಮಾತ್ರೆಯ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, "ಮೇಷ್ಟ್ರೇ, ಅಮ್ಮನವರಿಗೆ ಸಕ್ಕರೆ ಕಾಯಿಲೆ ಇದೆಯೇ?" ಎಂದು ಕೇಳಿದರು. "ಇಲ್ಲ" ಎಂದೆ. "ಇದು ಸಕ್ಕರೆ ಇಳಿಸುವ ಮಾತ್ರೆ. ಮೊದಲು ಸಕ್ಕರೆ ನೀರು ಕುಡಿಸಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ" ಎಂದರು. ತಾಯಿ ಉಳಿದರು.

ಎರಡು ಮಾತ್ರೆಗಳ ಹೆಸರಿನಲ್ಲಿ ಒಂದೆರಡು ಅಕ್ಷರಗಳಷ್ಟೇ ವ್ಯತ್ಯಾಸ. ಉಕ್ತಲೇಖನದಲ್ಲಿ 'ಕತ್ತೆ' ಎಂದರೆ 'ಕತ್ತಿ' ಎಂದು ಬರೆಯುವ ಮಕ್ಕಳಿದ್ದಾರೆ. ಅವರಿಗೆ ಅರ್ಧ ಅಂಕ ಹೋಗುತ್ತದೆ. ಇಲ್ಲಿ ತಾಯಿಯ ಪ್ರಾಣ ಹೋಗುವುದರಲ್ಲಿತ್ತು. ಆಮೇಲೆ ಮೊದಲ ಅಂಗಡಿಗೆ ಹೋಗಿ ನೋಡಿದೆ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಪ್ರಮಾಣಪತ್ರವಿತ್ತು. ಅದರಲ್ಲಿ ಹೆಸರಿದ್ದವರು ಬೇರೆ ಊರಿನಲ್ಲಿದ್ದರು. ಮಾತ್ರೆ ಕೊಟ್ಟವನು ಆ ವರ್ಷವಷ್ಟೇ ಶಾಲೆ ಬಿಟ್ಟ ಹುಡುಗ. ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಲಿಸದ ಪಾಠವನ್ನು ಅವನು ಹೇಗೆ ಒಪ್ಪಿಸಿಯಾನು? ಗೋಡೆಯ ಮೇಲಿನ ಆ ಪತ್ರಕ್ಕೆ ಅರ್ಥವೇನು ಎಂಬ ಪ್ರಶ್ನೆ ಮಾತ್ರ ಅಂದಿನಿಂದ ನನ್ನನ್ನು ಬಿಡಲಿಲ್ಲ.

ಹಿಂದೆ ನಮ್ಮ ದೇಶದಲ್ಲಿ ಔಷಧ ಬೆರೆಸಿ ಕೊಡಲು ಯಾವ ಓದೂ ಬೇಕಾಗಿರಲಿಲ್ಲ. ವೈದ್ಯರ ಬಳಿ ಕೆಲಸ ಕಲಿತ ಕಂಪೌಂಡರು ಬಾಟಲಿಯಲ್ಲಿ ಮಿಕ್ಸ್ಚರ್ ತುಂಬಿ, ಅಳತೆಗೆ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸಿ ಕೊಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅವರಲ್ಲಿ ನಿಪುಣರೂ ಇದ್ದರು, ಏನೂ ಅರಿಯದವರೂ ಇದ್ದರು. ಕಲಬೆರಕೆ ಔಷಧಗಳ ಹಾವಳಿ ಹೆಚ್ಚಿದಾಗ, 1930ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಔಷಧದ ಗುಣಮಟ್ಟಕ್ಕೂ ಔಷಧ ಕೊಡುವವರ ಶಿಕ್ಷಣಕ್ಕೂ ಕಾನೂನು ಬೇಕೆಂದು ಆ ಸಮಿತಿ ಹೇಳಿತು. ಅದರ ಫಲವಾಗಿ 1940ರಲ್ಲಿ ಔಷಧಗಳ ಕಾಯಿದೆಯೂ, ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಫಾರ್ಮಸಿ ಕಾಯಿದೆಯೂ ಬಂದವು.

ಎರಡು ಕಾಯಿದೆಗಳೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಬಸ್ಸನ್ನು ನೆನೆಯಿರಿ. ಬಸ್ಸಿಗೆ ಪರ್ಮಿಟ್ ಬೇರೆ, ಡ್ರೈವರಿಗೆ ಲೈಸೆನ್ಸ್ ಬೇರೆ. ಬಸ್ಸು ಹೊಸದಾಗಿದ್ದ ಮಾತ್ರಕ್ಕೆ ಓಡಿಸಲು ಬಾರದವನನ್ನು ಅದರಲ್ಲಿ ಕೂರಿಸಲಾಗದು. ಹಾಗೆಯೇ ಅಂಗಡಿಗೆ ಲೈಸೆನ್ಸ್ ಕೊಡುವುದು, ಔಷಧ ಪರೀಕ್ಷಿಸುವುದು ಔಷಧ ನಿಯಂತ್ರಣ ಇಲಾಖೆಯ ಕೆಲಸ. ಡ್ರಗ್ಸ್ ಇನ್‌ಸ್ಪೆಕ್ಟರರು ಅದನ್ನು ನೋಡಿಕೊಳ್ಳುತ್ತಾರೆ. ಔಷಧ ಕೊಡುವ ವ್ಯಕ್ತಿಯ ಅರ್ಹತೆಯನ್ನು ನೋಡುವುದು ರಾಜ್ಯದ ಫಾರ್ಮಸಿ ಕೌನ್ಸಿಲ್. ಏನು ಓದಬೇಕೆಂದು ದೇಶಕ್ಕೆಲ್ಲ ಗೊತ್ತುಮಾಡುವುದು ಭಾರತೀಯ ಫಾರ್ಮಸಿ ಕೌನ್ಸಿಲ್. ಇಂಟರ್ಮೀಡಿಯಟ್‌ನಲ್ಲಿ ವಿಜ್ಞಾನ ಓದಿ, ಎರಡು ವರ್ಷಗಳ ಡಿ.ಫಾರ್ಮ ಮತ್ತು 500 ಗಂಟೆಗಳ ಪ್ರಾಯೋಗಿಕ ತರಬೇತಿ ಮುಗಿಸಿದವರು, ಅಥವಾ ನಾಲ್ಕು ವರ್ಷಗಳ ಬಿ.ಫಾರ್ಮ ಓದಿದವರು, ನಿಯಮದ ಉಳಿದ ಷರತ್ತುಗಳನ್ನೂ ಪೂರೈಸಿದರೆ, ತಮ್ಮ ರಾಜ್ಯದ ರಿಜಿಸ್ಟರಿನಲ್ಲಿ ಹೆಸರು ಬರೆಸಬಹುದು. ವೈದ್ಯರ ಚೀಟಿಯ ಔಷಧವನ್ನು ಹೀಗೆ ನೋಂದಣಿಯಾದ ಫಾರ್ಮಸಿಸ್ಟರೇ ಕೊಡಬೇಕು, ಇಲ್ಲವೆ ಅವರ ಕಣ್ಣೆದುರಿನಲ್ಲಿ ಕೊಡಿಸಬೇಕು. ಇದು ನಿಯಮ.

ಒಮ್ಮೆ ಹೆಸರು ಬರೆದರೆ ಅದು ಶಾಶ್ವತವೆಂದು ತಿಳಿಯಬಾರದು. ಸುಳ್ಳು ಮಾಹಿತಿ ಕೊಟ್ಟು ಹೆಸರು ಸೇರಿಸಿದ್ದರೆ, ಅಪರಾಧಕ್ಕಾಗಿ ಶಿಕ್ಷೆಯಾಗಿದ್ದರೆ, ಅಥವಾ ವೃತ್ತಿಗೆ ಕಳಂಕ ತರುವ ನಡತೆ ತೋರಿದ್ದರೆ, ಆ ವ್ಯಕ್ತಿ ರಿಜಿಸ್ಟರಿನಲ್ಲಿರಲು ತಕ್ಕವರೇ ಎಂದು ಕೌನ್ಸಿಲ್ ವಿಚಾರಿಸಬಹುದು. ಆಪಾದಿತರಿಗೆ ತಮ್ಮ ಮಾತು ಹೇಳಿಕೊಳ್ಳಲು ಅವಕಾಶ ಕೊಟ್ಟೇ ತೀರಬೇಕು. ತಪ್ಪು ನಿಜವೆಂದು ಕಂಡರೆ ಕೆಲಕಾಲಕ್ಕೋ ಶಾಶ್ವತವಾಗಿಯೋ ಹೆಸರನ್ನು ತೆಗೆಯಬಹುದು. ಅದರ ಮೇಲೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಸಕಾರಣವಿದ್ದರೆ ಹೆಸರನ್ನು ಮರಳಿ ಸೇರಿಸಲೂಬಹುದು. ಕಾನೂನಿನ ಉದ್ದೇಶ ಒಬ್ಬರ ಅನ್ನ ಕಿತ್ತುಕೊಳ್ಳುವುದಲ್ಲ, ರೋಗಿಯ ಪ್ರಾಣ ಕಾಯುವುದು.

2015ರಲ್ಲಿ ಬಂದ ಫಾರ್ಮಸಿ ವೃತ್ತಿ ನಿಯಮಗಳು ಇದನ್ನು ಇನ್ನಷ್ಟು ಬಿಡಿಸಿ ಹೇಳಿವೆ. ಫಾರ್ಮಸಿಸ್ಟರು ಬಿಳಿಯ ಕೋಟು ತೊಟ್ಟು, ಹೆಸರು ಮತ್ತು ನೋಂದಣಿ ಸಂಖ್ಯೆಯ ಬಿಲ್ಲೆ ಧರಿಸಿರಬೇಕು. ಔಷಧವನ್ನು ಹೇಗೆ ತೆಗೆದುಕೊಳ್ಳಬೇಕೆಂದು ರೋಗಿಗೆ ತಿಳಿಸಬೇಕು. ತಾವು ಕೆಲಸಕ್ಕೆ ಹಾಜರಾಗದೆ ಪ್ರಮಾಣಪತ್ರವನ್ನಷ್ಟೇ ಅಂಗಡಿಗೆ ಕೊಡುವುದು ದುರ್ನಡತೆ. ನನ್ನ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ಎದುರಿಗೆ ಮನುಷ್ಯನಿಲ್ಲದ ಮೇಲೆ ಗೋಡೆಯ ಮೇಲಿನ ಪತ್ರ ಬರಿಯ ಚಿತ್ರಪಟ.

ಇಷ್ಟೆಲ್ಲ ಕಟ್ಟುನಿಟ್ಟು ಏಕೆ? 1937ರಲ್ಲಿ ಅಮೆರಿಕದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕಲಸಿದ ಸಲ್ಫಾ ಔಷಧವನ್ನು ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವಿಷ ಸೇರಿದ್ದ ಕೆಮ್ಮಿನ ಸಿರಪ್ಪಿನಿಂದ 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಕಡೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಬಾಟಲಿಯೊಳಗಿನ ವಿಷ ಫಾರ್ಮಸಿಸ್ಟರ ಕಣ್ಣಿಗೆ ಕಾಣದು, ನಿಜ. ಆದರೆ ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಬರೆದಿದ್ದರೆ, ಆ ಬಾಟಲಿ ಯಾರ ಮನೆಗೆ ಹೋಯಿತೆಂದು ಹುಡುಕಿ ಹಿಂದಕ್ಕೆ ತರಿಸಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಬಾರದೆಂದು ಕೇಂದ್ರದ ಆರೋಗ್ಯ ಇಲಾಖೆ ಆಗ ಎಚ್ಚರಿಸಿತು. ಆ ಮಾತನ್ನು ಅಂಗಡಿಯಲ್ಲಿ ನಿಂತ ತಾಯಿಗೆ ತಿಳಿಸುವವರು ಫಾರ್ಮಸಿಸ್ಟರಲ್ಲದೆ ಇನ್ನಾರು?

ನಮ್ಮ ಗಡಿಸೀಮೆಯಲ್ಲಿ ಈ ತಿಳಿಸಿ ಹೇಳುವ ಕೆಲಸಕ್ಕೆ ಬೆಲೆ ಇನ್ನೂ ಹೆಚ್ಚು. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಅನಂತಪುರಕ್ಕೆ ಸೇರಿತು. ಮಡಕಶಿರ 2022ರಲ್ಲಿ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆಗಳು ಬದಲಾದರೂ ಕಾಯಿಲೆ ಬಂದರೆ ಇಲ್ಲಿಯವರು ಬಳ್ಳಾರಿಗೂ ಅಲ್ಲಿಯವರು ತುಮಕೂರಿಗೂ ಹೋಗುವುದು ತಪ್ಪಿಲ್ಲ. ಚೀಟಿ ಕರ್ನಾಟಕದ್ದು, ಅಂಗಡಿ ಆಂಧ್ರದ್ದು, ಮಾತ್ರೆಯ ಮೇಲಿನ ಬರಹ ಇಂಗ್ಲಿಷಿನದು, ನುಂಗುವ ಅಜ್ಜಿಗೆ ಬರುವುದು ಕನ್ನಡವೊಂದೇ. ಅಂಥ ಅಜ್ಜಿಗೆ "ಇದು ಬೆಳಿಗ್ಗೆ ಊಟಕ್ಕೆ ಮುಂಚೆ, ಇದು ರಾತ್ರಿ ಊಟವಾದ ಮೇಲೆ" ಎಂದು ಅವರ ಮಾತಿನಲ್ಲೇ ಹೇಳುವವರು ಬೇಕು. ನನ್ನ ತಾಯಿಯನ್ನು ಉಳಿಸಿದ ಆ ಫಾರ್ಮಸಿಸ್ಟರ ಮನೆಮಾತು ತೆಲುಗು. ನಮಗಾಗಿ ಕನ್ನಡ ಕಲಿತಿದ್ದರು. ಕನ್ನಡ ಮಾಧ್ಯಮದಲ್ಲಿ ಓದಿದರೆ ಏನು ಪ್ರಯೋಜನ ಎಂದು ಕೇಳುವ ಪಾಲಕರಿಗೆ ನಾನು ಹೇಳುವುದಿಷ್ಟೆ: ಕನ್ನಡವೂ ತೆಲುಗೂ ಬಲ್ಲ ನಿಮ್ಮ ಮಗನೋ ಮಗಳೋ ಫಾರ್ಮಸಿ ಓದಿ ಇಲ್ಲೇ ನಿಂತರೆ, ಈ ಸೀಮೆಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಓದುಗರಾದ ನಾವು ಮಾಡಬೇಕಾದ್ದು ಹೆಚ್ಚೇನಿಲ್ಲ. ಅಂಗಡಿಯಲ್ಲಿ ಫಾರ್ಮಸಿಸ್ಟರು ಇದ್ದಾರೆಯೇ ಎಂದು ವಿನಯದಿಂದ ಕೇಳೋಣ. ಚೀಟಿಯ ಹೆಸರನ್ನೂ ಪಟ್ಟಿಯ ಹೆಸರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ, ಅವಧಿ ಮುಗಿಯುವ ತಾರೀಖನ್ನು ನೋಡೋಣ. ಕೆಂಪು ಗೆರೆಯಿರುವ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಕೇಳದಿರೋಣ; ಕೊಡಲಾಗದು ಎಂದವರ ಮೇಲೆ ಕೋಪಿಸಿಕೊಳ್ಳದಿರೋಣ. ಬಿಲ್ಲನ್ನು ಕೇಳಿ ಪಡೆದು ಜೋಪಾನವಾಗಿಡೋಣ. ವಿದ್ಯಾರ್ಥಿಗಳೇ, ಮನೆಯಲ್ಲಿ ಓದಲು ಬಾರದ ಅಜ್ಜ ಅಜ್ಜಿಯರಿದ್ದರೆ ಅವರ ಮಾತ್ರೆಯ ಹೆಸರನ್ನು ಇಂದು ಸಂಜೆಯೇ ಓದಿ ನೋಡಿ. ಅಂದು ನಮ್ಮ ಮನೆಯಲ್ಲಿ ಓದಲು ಬರುವವರು ಇದ್ದೂ ಯಾರೂ ಓದಿರಲಿಲ್ಲ.