ಸೆಪ್ಟಿಕ್ ಟ್ಯಾಂಕು ಮತ್ತು ಮೂಸೀ ನದಿ

1908ರ ಸೆಪ್ಟೆಂಬರಿನಲ್ಲಿ ಮೂಸೀ ನದಿಯ ಪ್ರವಾಹವು ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮ್ ಸರ್ಕಾರದ ಆಹ್ವಾನದ ಮೇರೆಗೆ ಬಂದ ಸರ್ ಎಂ. ವಿಶ್ವೇಶ್ವರಯ್ಯನವರು ನೆರೆಯನ್ನು ತಡೆಯುವ ಜಲಾಶಯಗಳಿಗೆ ಮಾತ್ರವಲ್ಲದೆ ನಗರದ ಒಳಚರಂಡಿಗೂ ಯೋಜನೆಯನ್ನು ರೂಪಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಸಲಹೆಯ ಫಲ. ಆದರೆ ನಗರವು ಒಳಚರಂಡಿಗಿಂತ ವೇಗವಾಗಿ ಬೆಳೆಯಿತು. ಹೊರವಲಯದ ಅನೇಕ ಬಡಾವಣೆಗಳಿಗೆ ಇಂದಿಗೂ ಸೆಪ್ಟಿಕ್ ಟ್ಯಾಂಕೇ ಗತಿ.

ಈ ಟ್ಯಾಂಕು ಕೊಳೆನೀರನ್ನು ಪೂರ್ಣವಾಗಿ ಶುದ್ಧಗೊಳಿಸುತ್ತದೆಂಬುದು ತಪ್ಪು ಕಲ್ಪನೆ. ಘನಪದಾರ್ಥವು ತಳದಲ್ಲಿ ನಿಂತು ಭಾಗಶಃ ಕೊಳೆಯುತ್ತದೆ. ಮೂತ್ರದಲ್ಲಿನ ಯೂರಿಯಾ ಅಮೋನಿಯಾ ಆಗಿ ನೀರಿನೊಡನೆ ಹೊರಬೀಳುತ್ತದೆ. ಇಂಗುಗುಂಡಿಯ ಸುತ್ತಲ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟನ್ನು ಮಣ್ಣು ಹಿಡಿದಿಡಲಾರದು. ಹೈದರಾಬಾದಿನ ಬಂಡೆನೆಲದಲ್ಲಿ ಅದು ಗ್ರಾನೈಟಿನ ಬಿರುಕುಗಳ ಮೂಲಕ ಕೊಳವೆಬಾವಿಗೆ ಇಳಿಯುತ್ತದೆ. ಟ್ಯಾಂಕಿನ ನೀರನ್ನು ತೆರೆದ ಚರಂಡಿಗೆ ಬಿಟ್ಟರೆ ಅಮೋನಿಯಾ ನದಿಯನ್ನೇ ಸೇರುತ್ತದೆ. ಅಲ್ಲಿ ಅಮೋನಿಯಾ ರೂಪದ ಒಂದು ಗ್ರಾಂ ಸಾರಜನಕವು ನೈಟ್ರೇಟ್ ಆಗಲು ಸುಮಾರು 4.6 ಗ್ರಾಂ ಆಮ್ಲಜನಕ ವ್ಯಯವಾಗುತ್ತದೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ನೀರಿನ ಕಳೆ ಹಬ್ಬುತ್ತದೆ.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಹೆಚ್ಚು ನೈಟ್ರೇಟ್ ಇರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ, ಎಳೆಯ ಶಿಶುವಿನ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಂಡು ತುಟಿ, ಉಗುರುಗಳು ನೀಲಿಗಟ್ಟಬಹುದು. ಅಮೆರಿಕದ ವೈದ್ಯ ಹಂಟರ್ ಕಾಮ್ಲಿ 1945ರಲ್ಲಿಯೇ ಇದನ್ನು ವರದಿ ಮಾಡಿದರು. ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ನೈಟ್ರೇಟ್ ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಆದುದರಿಂದ ಶಿಶುವಿರುವ ಮನೆಯವರು ಕೊಳವೆಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳುವುದು ಅವಶ್ಯಕ.

ಪರಿಹಾರವೇನು? ಒಳಚರಂಡಿ ಬಂದಿರುವ ಬೀದಿಯಲ್ಲಿ ತಡಮಾಡದೆ ಸಂಪರ್ಕ ಪಡೆಯುವುದು ಮೊದಲನೆಯದು. ಅದು ಇಲ್ಲದೆಡೆ ಇಂಗುಗುಂಡಿಯನ್ನು ಬಾವಿಯಿಂದ ಆದಷ್ಟು ದೂರವಿಡಬೇಕು. ಎರಡು ಮೂರು ವರ್ಷಗಳಿಗೊಮ್ಮೆ ಯಂತ್ರದಿಂದಲೇ ಟ್ಯಾಂಕಿನ ಕೆಸರನ್ನು ತೆಗೆಸಿ ಶುದ್ಧೀಕರಣ ಕೇಂದ್ರಕ್ಕೆ ಕಳುಹಿಸಬೇಕು. ಟ್ಯಾಂಕಿನೊಳಗೆ ಮನುಷ್ಯರನ್ನು ಇಳಿಸುವುದು ಪ್ರಾಣಾಪಾಯಕರ, 2013ರ ಕಾಯಿದೆಯ ಪ್ರಕಾರ ಅಪರಾಧ. ಆದರೆ ಕೆಸರು ತೆಗೆದ ಮಾತ್ರಕ್ಕೆ ಸಾರಜನಕ ನೀಗದು. ಅಪಾರ್ಟ್‌ಮೆಂಟಿನವರು ಒಟ್ಟುಗೂಡಿದರೆ ಇನ್ನೊಂದು ಉಪಾಯವುಂಟು: ಟ್ಯಾಂಕಿನ ನೀರನ್ನು ಮೊದಲು ಗಾಳಿಯಾಡುವ ಮರಳಿನಲ್ಲಿ ಸೋಸಿ, ಬಳಿಕ ಗಾಳಿಯಾಡದ ಮರದ ಚೂರಿನ ಪಾತಿಯಲ್ಲಿ ಹಾಯಿಸುವುದು. ಅಲ್ಲಿನ ಸೂಕ್ಷ್ಮಜೀವಿಗಳು ನೈಟ್ರೇಟನ್ನು ನಿರಪಾಯಕರ ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ.

ಮೂಸಿಯು ವಾಡಪಲ್ಲಿಯ ಬಳಿ ಕೃಷ್ಣೆಯನ್ನು ಕೂಡುತ್ತದೆ. ಕನ್ನಡ ನಾಡಿನಲ್ಲಿ ಹರಿದು ಬಂದ ಆ ನದಿಗೆ ಹೈದರಾಬಾದಿನ ಕನ್ನಡಿಗರ ಮನೆಗಳಿಂದ ಕೊಳೆ ಸೇರದಿರಲಿ.