ಬಾಡಿಗೆ ವಿಮಾನದಲ್ಲಿ ಸೈನಿಕರ ಪಾಠ



ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಎಲ್ಲರ ಮನೆಯಲ್ಲೂ ಟ್ರ್ಯಾಕ್ಟರ್ ಇಲ್ಲ. ಬಿತ್ತಿಗೆಗೆ, ಗೋವಿನಜೋಳದ ರಾಶಿಗೆ ಬಾಡಿಗೆ ಗಾಡಿ ತರಿಸ್ತೀವಿ. ಗಾಡಿ ಅವರದು, ಡ್ರೈವರ್ ಅವರದು, ರಿಪೇರಿನೂ ಅವರದು. ನಾವು ರೊಕ್ಕ ಕೊಡೋದಷ್ಟೇ. ಸೈನ್ಯವೂ ಹೀಗೆ ವಿಮಾನ ಬಾಡಿಗೆಗೆ ತರ್ತದೆ ಅಂದರೆ ನಂಬ್ತೀರಾ?

2025ರ ಮಾರ್ಚ್ 28ರಂದು ನಮ್ಮ ರಕ್ಷಣಾ ಸಚಿವಾಲಯವು ಮೆಟ್ರಿಯಾ ಎಂಬ ವಿದೇಶಿ ಖಾಸಗಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ವಾಯುಪಡೆ ಮತ್ತು ನೌಕಾಪಡೆಯ ಪೈಲಟ್‌ಗಳ ತರಬೇತಿಗೆ ಒಂದು ಕೆಸಿ-135 ವಿಮಾನ ಕೊಡಬೇಕು ಎಂಬುದು ಕರಾರು. ಇದಕ್ಕೆ ‘ವೆಟ್ ಲೀಸ್’ ಅಂತಾರೆ. ಅಂದರೆ ವಿಮಾನ ನಡೆಸುವವರು, ದುರಸ್ತಿ ಮಾಡುವವರು ಎಲ್ಲರೂ ಕಂಪನಿಯವರೇ. ಇಂಧನ ತುಂಬುವ ವಿಮಾನವನ್ನು ನಮ್ಮ ವಾಯುಪಡೆ ಹೀಗೆ ಬಾಡಿಗೆಗೆ ಪಡೆದದ್ದು ಇದೇ ಮೊದಲು.

ಕೆಸಿ-135 ಅಂದರೆ ಹಾರುವ ಪೆಟ್ರೋಲ್ ಬಂಕ್. ಅದರಿಂದ ಉದ್ದನೆಯ ಪೈಪು ಇಳಿಬಿಡ್ತಾರೆ. ತುದಿಗೆ ಬುಟ್ಟಿಯಂಥದ್ದು ಇರುತ್ತದೆ. ಹಿಂದೆ ಬರುವ ಯುದ್ಧವಿಮಾನದ ಪೈಲಟ್ ತನ್ನ ವಿಮಾನದ ಕೊಳವೆಯನ್ನು ಆ ಬುಟ್ಟಿಯೊಳಗೆ ಸೇರಿಸಬೇಕು, ಎರಡೂ ಹಾರುತ್ತಿರುವಾಗಲೇ! ಇದನ್ನು ಪದೇ ಪದೇ ಮಾಡಿ ಕಲಿಯಬೇಕು. 2003ರಿಂದ ವಾಯುಪಡೆ ಇಂಥ ಐಎಲ್-78 ವಿಮಾನಗಳನ್ನು ಕೊಂಡಿತು. ಕೊಂಡದ್ದು ಆರೇ. ಅವುಗಳಲ್ಲೇ ಕೆಲಸವೂ ಆಗಬೇಕು, ಕಲಿಕೆಯೂ ಆಗಬೇಕು. ಹೊಸದನ್ನು ಕೊಳ್ಳಲು ವರ್ಷಗಟ್ಟಲೆ ಬೇಕು. ಬಾಡಿಗೆಯದನ್ನು ಆರು ತಿಂಗಳೊಳಗೆ ಕೊಡುವ ಮಾತಾಗಿತ್ತು.

ಹಾಗಾದರೆ ಎಲ್ಲವನ್ನೂ ಬಾಡಿಗೆಗೆ ತಂದರೆ ಆಗದೇ? ಒಂದು ವರ್ಷ ನಮ್ಮ ಹೊಲ ಹದಕ್ಕೆ ಬಂದಾಗ ಗಾಡಿ ಸಿಗಲಿಲ್ಲ. ನಾಲ್ಕನೇ ದಿನ ನಮ್ಮ ಪಾಳಿ ಬಂತು, ಅಷ್ಟರಲ್ಲಿ ನೆಲ ಒಣಗಿತ್ತು. “ಹದಾ ಬಂದ ದಿನ ಎಲ್ಲಾರಿಗೂ ಗಾಡಿ ಬೇಕಾಗತೈತಿ, ಯಾರನ್ನ ಬೈಯೂದು?” ಅಂದರು ನಮ್ಮಪ್ಪ. ಸೈನ್ಯಕ್ಕೆ ಯುದ್ಧವೇ ಹದದ ದಿನ. ಅಂದು ಪರದೇಶದ ಕಂಪನಿಯ ನೌಕರರು ಬಂದೇ ಬರುತ್ತಾರೆಂದು ನೆಚ್ಚಿಕೊಂಡು ಕೂರುವಂತಿಲ್ಲ.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ಹಳೆಯ ಉದಾಹರಣೆ ಇದೆ. 1940ರಲ್ಲಿ ಉದ್ಯಮಿ ವಾಲಚಂದ ಹಿರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. 1941ರಲ್ಲಿ ಅಲ್ಲಿ ಜೋಡಿಸಿದ ಮೊದಲ ವಿಮಾನ ‘ಹಾರ್ಲೋ’, ಅದೂ ತರಬೇತಿಯ ವಿಮಾನವೇ. ಎರಡನೇ ಮಹಾಯುದ್ಧ ಭಾರತದ ಹತ್ತಿರ ಬಂದಾಗ, 1942ರಲ್ಲಿ, ಸರ್ಕಾರ ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಅದೇ ಇಂದಿನ ಎಚ್‌ಎಎಲ್.

ಕಲಿಯಲು ಬಾಡಿಗೆಯದು ನಡೆದೀತು, ಹದದ ದಿನಕ್ಕೆ ಮಾತ್ರ ಸ್ವಂತದ್ದೇ ಬೇಕು ಅಂತ ನನಗನ್ನಿಸ್ತದೆ. ನೀವೇನಂತೀರಿ? ಮುಂದಿನ ಸಂಚಿಕೆಗೆ ಬರೆದು ಕೊಡಿರಿ.