ಕಲ್ಲಿನಿಂದ ಗರಿಗೆ, ಗರಿಯಿಂದ ಕಡಲಿಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ತೆಂಗಿನ ಒಣಗರಿಯನ್ನು ಸುಟ್ಟು, ಆ ಬೂದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುಳ್ಳುಮೈಯ ಗಾಜಿನ ಗುಂಡುಗಳಂಥ ಕಣಗಳು ಕಾಣುತ್ತವೆ. ಇವು ಸಿಲಿಕದ ಸಸ್ಯಶಿಲೆಗಳು. ತೆಂಗಿನಂತೆಯೇ ರಾಗಿ, ಭತ್ತ ಮೊದಲಾದ ಹುಲ್ಲಿನ ಕುಲದವೂ ಕರಗಿದ ಸಿಲಿಕವನ್ನು ಬೇರಿನಿಂದ ಹೀರಿ ಮೈಯಲ್ಲಿ ಗಟ್ಟಿಗೊಳಿಸಿಕೊಳ್ಳುತ್ತವೆ. ಹುಲ್ಲು ಮೇದ ಗೋವಿನ ಸಗಣಿಯನ್ನು ಸುಟ್ಟ ಬೂದಿಯಲ್ಲಿಯೂ ಇದರ ಅಂಶ ಹೇರಳವಾಗಿರುವುದು ಇದರಿಂದಲೇ.

ಸಿಲಿಕದ ಮೂಲ ಶಿಲೆ. ಮಣ್ಣಿನ ಇಂಗಾಲಾಮ್ಲವನ್ನು ಕೂಡಿಕೊಂಡ ಮಳೆನೀರು ಶಿಲೆಯನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಅದರಲ್ಲಿ ಒಂದು ಭಾಗ ಜೇಡಿಯಾಗಿ ನಿಲ್ಲುತ್ತದೆ. ಒಂದು ಭಾಗ ಶಿಂಷಾ, ಕಾವೇರಿಗಳ ಮೂಲಕ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಕಡಲಿನ ಡಯಾಟಮ್ ಎಂಬ ಸೂಕ್ಷ್ಮಸಸ್ಯಗಳು ಇದರಿಂದಲೇ ತಮ್ಮ ಚಿಪ್ಪನ್ನು ಕಟ್ಟಿಕೊಳ್ಳುತ್ತವೆ. ಜಗತ್ತಿನ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೆಯ ಒಂದು ಪಾಲು ಇವುಗಳದು.

ಹಾಗಾದರೆ ತೆಂಗಿನ ಗರಿಯ ಸಿಲಿಕ ನೇರವಾಗಿ ಕಲ್ಲಿನಿಂದ ಬಂದುದೋ, ಹಿಂದೆ ಉದುರಿದ ಗರಿಯಿಂದ ಮರಳಿ ಬಂದುದೋ? ಸಾಮಾನ್ಯ ರಾಸಾಯನಿಕ ವಿಶ್ಲೇಷಣೆಗೆ ಎರಡೂ ಒಂದೇ. ಇಲ್ಲಿ ನೆರವಿಗೆ ಬರುವವು ಸ್ಥಿರ ಸಮಸ್ಥಾನಿಗಳು. ಸಿಲಿಕಾನಿನಲ್ಲಿ ದ್ರವ್ಯಾಂಕ 28, 29, 30ರ ಮೂರು ಬಗೆಯ ಪರಮಾಣುಗಳಿವೆ. ಅವುಗಳ ಪಾಲು ನೂರಕ್ಕೆ ಸುಮಾರು 92.2, 4.7 ಮತ್ತು 3.1. ಯಾವುದೂ ವಿಕಿರಣಶೀಲವಲ್ಲ. ಜೇಡಿ ಹುಟ್ಟುವಾಗ ಹಗುರವಾದ 28ನ್ನು ತುಸು ಹೆಚ್ಚಾಗಿ ಸೆಳೆಯುತ್ತದೆ, ಉಳಿದ ನೀರು ಭಾರವಾಗುತ್ತದೆ. ಡಯಾಟಮ್‌ಗಳೂ ಹಾಗೆಯೇ ಮಾಡುವುದು 1997ರಲ್ಲಿ ಪ್ರಯೋಗದಿಂದ ತಿಳಿಯಿತು. ವ್ಯತ್ಯಾಸ ಸಾವಿರಕ್ಕೆ ಒಂದರಷ್ಟು ಮಾತ್ರ. ಇಷ್ಟು ಸಣ್ಣದನ್ನು ಅಳೆಯಲು ದ್ರವ್ಯರಾಶಿ ರೋಹಿತಮಾಪಕವೇ ಬೇಕು.

ಆದರೆ ತೊಡಕೊಂದಿದೆ. ಗಿಡವೂ ಜೇಡಿಯೂ ಹಗುರವನ್ನೇ ಸೆಳೆಯುವುದರಿಂದ, ಭಾರವಾದ ನೀರು ಯಾರ ಕೈವಾಡವೆಂದು ಸಮಸ್ಥಾನಿಯೊಂದೇ ಹೇಳಲಾರದು. ಆದುದರಿಂದ ಸಿಲಿಕಾನಿನ ಸೋದರನಾದ ಜರ್ಮೇನಿಯಮ್‌ನ ಪ್ರಮಾಣವನ್ನೂ ಜೊತೆಗಿಟ್ಟು ನೋಡುತ್ತಾರೆ: ಜೇಡಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಸಸ್ಯಶಿಲೆಯಲ್ಲಿ ಅದು ಬಹು ಕಡಿಮೆ.

ಕರ್ನಾಟಕದಲ್ಲಿಯೇ ಇಂಥ ಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಬಂಡೀಪುರ ಅರಣ್ಯದ ಮೂಲೆಹೊಳೆಯಲ್ಲಿ, ಸುಮಾರು 4 ಚದರ ಕಿಲೋಮೀಟರಿನ ಪುಟ್ಟ ಜಲಾನಯನವೊಂದರ ಮಳೆ, ಮಣ್ಣು, ಎಲೆ, ಹೊಳೆನೀರುಗಳನ್ನು ವರ್ಷಗಟ್ಟಲೆ ಅಳೆದರು. ಭತ್ತದ ಗದ್ದೆಯ ಸಿಲಿಕದ ಆಯವ್ಯಯವನ್ನೂ ಸಮಸ್ಥಾನಿಗಳಿಂದ ಲೆಕ್ಕಹಾಕಿ 2018ರಲ್ಲಿ ಪ್ರಕಟಿಸಿದರು.

ಸಸ್ಯಶಿಲೆ ಕಲ್ಲಿನ ಖನಿಜಗಳಿಗಿಂತ ಬಹು ಬೇಗ ಕರಗುತ್ತದೆ; ಆದ್ದರಿಂದ ಉದುರಿದ ಗರಿ ಮುಂದಿನ ಗರಿಗೆ ಸುಲಭದ ಬುತ್ತಿ. ಗರಿ, ಸಿಪ್ಪೆಗಳನ್ನೆಲ್ಲ ತೋಟದಿಂದ ಹೊರಸಾಗಿಸಿದಾಗ ಈ ಬುತ್ತಿಯೂ ಹೊರಹೋಗುತ್ತದೆ. ಅನಂತರ ಮರಕ್ಕೆ ಉಳಿಯುವುದು ಶಿಲೆಯ ನಿಧಾನವಾದ ದಾನ, ಮತ್ತು ಬೇಸಿಗೆಯಲ್ಲಿ ರೈತ ಗಾಡಿಯಲ್ಲಿ ತಂದು ಹರಡುವ ಕೆರೆಗೋಡು.